ಈಜುಕೊಳದ ಹೊದಿಕೆಗೆ ತೇಪೆ

ಕೇಳ್ರಮ್ಮಾ, ಇವತ್ತು ಸುಗಟೂರು ಹತ್ತಿರದ ತೋಟದ ಬಂಗಲೆಯಲ್ಲಿ ಈಜುಕೊಳದ ಹೊದಿಕೆ ಹೊಲಿದು ಬಂದೆ. ಕೋತಿಗಳು ಕುಣಿದು ಹರಿದು ಹಾಕಿದ್ದವು. ಟೊಮೆಟೊ ಲಾರಿಯ ಟಾರ್ಪಾಲು ಹೊಲಿಯುವವಳಿಗೆ ಅದೇನು ಕಷ್ಟವಲ್ಲ.

ತೇಪೆ ಹಾಕಲು ಹೊದಿಕೆ ಸರಿಸಿದರೆ ಕೆಳಗೆ ತುಂಬಿದ ನೀರು! ಗೌನಿಪಲ್ಲಿಯ ತವರಿನ ಬಾವಿ ನೆನಪಾಯಿತು. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಅಕ್ಕ ನನಗೆ ಈಜು ಕಲಿಸಿದ್ದು ಅಲ್ಲೇ. ಈಗ ಬಾವಿ ಬತ್ತಿದೆ, ಅಕ್ಕನೂ ಇಲ್ಲ. ನೀರಿಗೆ ಇಳಿಯುವ ಆಸೆ ಮಾತ್ರ ಹೋಗಿಲ್ಲ.

"ಒಂದೇ ಒಂದ್ಸಲ ಇಳಿದು ಬರ್ತೀನಿ ಕಣಪ್ಪಾ" ಎಂದು ಮ್ಯಾನೇಜರನ್ನು ಕೇಳಿದೆ.

"ಸೀರೇಲಾ? ದಾರ ಎಲ್ಲಾ ಫಿಲ್ಟರ್‌ಗೆ ಹೋಗ್ತದೆ. ಈಜೋ ಡ್ರೆಸ್ ಇಲ್ದೆ ಯಾರ್ನೂ ಬಿಡಂಗಿಲ್ಲಮ್ಮಾ."

"ಗಂಗಮ್ಮನ ಹತ್ರ ಹೋಗಕ್ಕೂ ಡ್ರೆಸ್ಸೇನೋ?"

"ಇದು ಗಂಗಮ್ಮ ಅಲ್ಲಮ್ಮಾ, ಸ್ವಿಮ್ಮಿಂಗ್ ಪೂಲು!" ಎಂದು ನಕ್ಕ.

ನನಗೆ ನೀರೆಲ್ಲಾ ಗಂಗಮ್ಮನೇ. ಹೊಲಿಗೆ ಮುಗಿಸಿ, ಮುಚ್ಚುವ ಮೊದಲು ಬೊಗಸೆ ತುಂಬ ನೀರು ತೆಗೆದು ಕಣ್ಣಿಗೊತ್ತಿಕೊಂಡೆ.

"ಅಯ್ಯೋ, ಕ್ಲೋರಿನ್ ಹಾಕಿದೀವಿ, ಕಣ್ಣು ಉರೀತದೆ!" ಎಂದು ಓಡಿ ಬಂದ.

ಉರಿಯಿತು. ಒಳ್ಳೆಯದೇ ಆಯಿತು ಬಿಡಿ, ಯಾಕಮ್ಮಾ ಅಳ್ತಿದೀಯ ಎಂದು ಅವನು ಕೇಳಲಿಲ್ಲ.