ಶರಣಪ್ಪನ ನಿಂಬೆಕಾಯಿ, ನನ್ನ ವೈಫೈ

ಗೆಳೆಯರೇ, ದೇವದುರ್ಗದಲ್ಲಿ ಜನರ ಅರ್ಜಿ ತುಂಬಿಕೊಡುವ ನನ್ನ ಆನ್‌ಲೈನ್ ಅಂಗಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಇಂದೂ ವೈಫೈ ಮತ್ತೆ ಮತ್ತೆ ಕಡಿದುಹೋಯಿತು. ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ, ಪವರ್ ಸೇವಿಂಗ್ ಆಫ್ ಮಾಡಿದೆ, ಉಪಯೋಗವಾಗಲಿಲ್ಲ.

"ಬಾಜೂ ಅಂಗಡ್ಯಾಗ ಮಾಡಿಸ್ಕೋತೀನ್ರೀ" ಎಂದು ಗಿರಾಕಿ ಎದ್ದುಹೋದ.

ಪಕ್ಕದ ಅಂಗಡಿಯ ಶರಣಪ್ಪನದೂ ಲಿನಕ್ಸೇ, ವೈಫೈ ಹಿಡಿಯುವ ಯುಎಸ್‌ಬಿ ಅಡಾಪ್ಟರೂ ನನ್ನದರಂಥದ್ದೇ. ಹೊಟ್ಟೆ ಉರಿದು ಹೋಗಿ ನೋಡಿದೆ. ನನ್ನ ಅಡಾಪ್ಟರ್ ಕಬ್ಬಿಣದ ಮೇಜಿನಡಿ ಇದ್ದರೆ, ಅವನು ಅದನ್ನು ಉದ್ದ ಕೇಬಲ್ಲಿಗೆ ಸಿಕ್ಕಿಸಿ ಬಾಗಿಲ ಮೇಲೆ ನಿಂಬೆಕಾಯಿ, ಮೆಣಸಿನಕಾಯಿ ಜೊತೆ ಕಟ್ಟಿದ್ದ.

"ಕೇಬಲ್ ಸಿಗ್ನಲ್ಲಿಗೆ, ಖರೆ. ನಿಂಬಿಕಾಯಿ ಯಾಕಪಾ?"

"ಅದು ನಿಮ್ಮ ಕಣ್ಣಿಗ್ರೀ, ಅಣ್ಣಾ."

ಸಂಜೆ ನಾನೂ ಕೇಬಲ್ ತಂದು ಅಡಾಪ್ಟರನ್ನು ಬಾಗಿಲ ಮೇಲೆ ಕಟ್ಟಿದೆ. ಆಮೇಲೆ ವೈಫೈ ಒಮ್ಮೆಯೂ ಕಡಿದಿಲ್ಲ. ನಿಂಬೆಕಾಯಿ ಮಾತ್ರ ಕಟ್ಟಲಿಲ್ಲ. ನನ್ನ ಅಂಗಡಿ ನೋಡಿ ಹೊಟ್ಟೆಕಿಚ್ಚು ಪಡುವವರು ಈ ಊರಲ್ಲಿ ಇನ್ನೂ ಯಾರೂ ಇಲ್ಲ.