ಕಪ್ಪಾಗಬೇಕಾದ ಜಾಗ

ಎಕ್ಸ್‌ರೇ ಡಾಕ್ಟರಮ್ಮ ನಿನ್ನೆ ಬೆಳಿಗ್ಗೆ ತೀರಿಕೊಂಡರು. ರಾತ್ರಿ ಮಲಗಿದವರು ಏಳಲಿಲ್ಲ.

ಐಸಿಯು ನೋಡಿಕೊಳ್ಳುವ ಡಾಕ್ಟರ್ ಗೆಳತಿಗೂ ಅವರಿಗೂ ಎಕ್ಸ್‌ರೇ ಫಿಲ್ಮ್ ಬಂದಾಗಲೆಲ್ಲ ಜಟಾಪಟಿ. ಎದೆ ಬೆಳ್ಳಗೆ ಕಂಡರೆ ಅದು ಹೃದಯ ಸೋತು ತುಂಬಿದ ನೀರೋ, ಶ್ವಾಸಕೋಶಕ್ಕೇ ಬಿದ್ದ ಪೆಟ್ಟೋ? “ಫಿಲ್ಮೊಂದನ್ನೇ ನಂಬಬೇಡ ಕಣೇ, ಅದೂ ನಿನ್ನ ಹಾಗೇ ಅರ್ಧ ಹೇಳಿ ಸುಮ್ಮನಾಗುತ್ತೆ” ಎಂದು ಡಾಕ್ಟರಮ್ಮ ಗೆಳತಿಯ ಕಾಲೆಳೆಯುತ್ತಿದ್ದರು. ಆದರೆ ರೋಗಿಯ ಮನೆಯವರ ಮುಂದೆ ಎಂದೂ ಬಂದವರಲ್ಲ. ಆ ಕಷ್ಟ ಗೆಳತಿಯ ಪಾಲಿಗಿತ್ತು.

ಮೊನ್ನೆ ಸಂಜೆ ಮಾತ್ರ ಗೆಳತಿಯೊಡನೆ ವಾದಿಸುತ್ತಲೇ ಐಸಿಯು ಹೊರಗಿನ ಬೆಂಚಿನ ತನಕ ಬಂದುಬಿಟ್ಟರು. ವೆಂಟಿಲೇಟರ್‌ನಲ್ಲಿದ್ದ ಬಡಗಿಯ ಹೆಂಡತಿ ಅಲ್ಲಿ ಗಂಡನ ಹಳೆಯ, ಹೊಸ ಫಿಲ್ಮ್‌ಗಳನ್ನು ಕಿಟಕಿಗೆ ಹಿಡಿದು ಹಿಗ್ಗುತ್ತಿದ್ದಳು.

“ಬೆಳ್ಳಗಾಗ್ತಾ ಇದೆ ಡಾಕ್ಟ್ರೇ! ಕಪ್ಪೆಲ್ಲ ಹೋಯ್ತು. ಅತ್ತೆಗೆ ಫೋನ್ ಮಾಡ್ಲಾ?”

ಗೆಳತಿ ಡಾಕ್ಟರಮ್ಮನ ಕಡೆ ತಿರುಗಿದಳು. ಡಾಕ್ಟರಮ್ಮ ಆ ಹೆಂಗಸಿನ ಪಕ್ಕ ಕೂತರು.

“ಇಲ್ಲ ತಂಗಿ. ಕಪ್ಪು ಅಂದ್ರೆ ಗಾಳಿ. ಬಿಳಿ ಇದ್ದಲ್ಲಿ ಗಾಳಿ ಹೋಗ್ತಾ ಇಲ್ಲ. ಪೆಟ್ಟು ಜೋರಾಗಿದೆ.”

ಆಕೆ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಹೊಸ ಫಿಲ್ಮನ್ನು ಮುಂದೆ ಹಿಡಿದು ಕೇಳಿದಳು: “ಗುಣ ಆಗೋದಾದ್ರೆ ಎಲ್ಲಿ ಗೊತ್ತಾಗುತ್ತೆ?”

ಡಾಕ್ಟರಮ್ಮ ಆಕೆಯ ಬೆರಳು ಹಿಡಿದು ಫಿಲ್ಮಿನಲ್ಲಿ ಶ್ವಾಸಕೋಶದ ಮೇಲಂಚಿಗೆ ಒಯ್ದರು. “ನಾಳೆಯ ಫಿಲ್ಮಲ್ಲಿ ಮೊದಲು ಇಲ್ಲಿ ನೋಡು, ಕಪ್ಪಾಗಿದೆಯಾ ಅಂತ” ಎಂದು ಹೇಳಿ, ಆಕೆ ಸರಿಯಾದ ಜಾಗದಲ್ಲಿ ಬೆರಳಿಡುವ ತನಕ ಕೈ ಬಿಡಲಿಲ್ಲ.