ನಾಲ್ಕು ದಿನದ ಅಡುಗೆ ಸೇರಿಸಿ ಕೊಂಡ ಮರ

ಈ ಸಲ ಆ ಹುಣಸೆ ಮರದ ಫಸಲಿಗೆ ಅದು ಬಾಳುವುದರ ಒಂದೂವರೆ ಪಟ್ಟು ಕೊಟ್ಟೆ. ಹುಣಸೆ ಮಂಡಿಯಲ್ಲಿ ನನ್ನನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ. ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಹೊಸೂರು ಸಂತೆಯಲ್ಲಿ ವ್ಯಾಪಾರ ಶುರು ಮಾಡಿದವಳು. ಹೊಸೂರಿನ ಅವಲಪಲ್ಲಿಯಲ್ಲಿ ಈಗ ನನಗಿರುವ ಮನೆ, ಅದರ ಮೇಲಿನ ಬಾಡಿಗೆ ಮನೆಗಳು, ಎಲ್ಲವೂ ಚೌಕಾಸಿಯಲ್ಲಿ ಉಳಿಸಿದ್ದರಿಂದಲೇ ಎದ್ದವು. ಮರವನ್ನು ಒಂದು ಸುತ್ತು ಹಾಕಿದರೆ ಹಣ್ಣು ಎಷ್ಟು ಮೂಟೆ, ನಾರು ಬೀಜ ತೆಗೆದ ಮೇಲೆ ಎಷ್ಟು ಉಳಿದೀತು ಎಂದು ನನಗೆ ಗೊತ್ತಾಗಿಬಿಡುತ್ತದೆ. ಲೆಕ್ಕ ತಪ್ಪಿ ಹೆಚ್ಚು ಕೊಟ್ಟದ್ದಲ್ಲ. ಆ ಹೆಚ್ಚಿನ ದುಡ್ಡು ಹಣ್ಣಿಗಲ್ಲ, ಒಂದು ಒಲೆ ಹಚ್ಚಿಸುವುದಕ್ಕೆ.

ಇದು ಅರ್ಥವಾಗಬೇಕಾದರೆ ಆ ಕಡೆಯ ನೆಲ ಹೇಗಿದೆ ಎಂದು ಹೇಳಬೇಕು. ಹೊಸೂರಿನಿಂದ ಡೆಂಕಣಿಕೋಟೆಯವರೆಗೆ ನೆಲ ಚಪ್ಪಟೆ. ಕೋಸು, ಟೊಮೇಟೊ, ಗುಲಾಬಿಯ ಪ್ಲಾಸ್ಟಿಕ್ ಮನೆಗಳು. ಅಲ್ಲಿಂದ ಮುಂದೆ ಕಾಡು. ರಸ್ತೆ ತಿರುವಿನ ಮೇಲೆ ತಿರುವು ಹಾಕಿ ಇಳಿಯುತ್ತದೆ, ಗಾಳಿ ಬಿಸಿಯಾಗುತ್ತದೆ, ಬಸ್ಸಿನಲ್ಲಿ ಹೊದ್ದುಕೊಂಡಿದ್ದ ಸೆರಗು ತಾನಾಗಿ ಜಾರುತ್ತದೆ. ಅಂಚೆಟ್ಟಿಯಲ್ಲಿ ಇಳಿದರೆ ಅದೇ ದೊಡ್ಡ ಊರು. ಅದರಾಚೆ ಕಾವೇರಿಯ ಕಡೆಗೆ ಗುಡ್ಡ, ಗುಡ್ಡದ ಮಗ್ಗುಲಿಗೆ ಕಲ್ಲು ಹೊಲ, ಹೊಲದ ತುದಿಯಲ್ಲೊಂದು ದೊಡ್ಡಿ. ಹಿಂದೆ ಮೇಯಿಸಲು ಬಂದವರು ದನ ಕೂಡುತ್ತಿದ್ದ ಜಾಗಗಳವು. ದನದ ಪಕ್ಕದಲ್ಲಿ ಗುಡಿಸಲು, ಗುಡಿಸಲ ಪಕ್ಕ ಮನೆ, ಹಾಗೆ ಊರುಗಳಾದವು. ಒಂದು ದೊಡ್ಡಿಯಿಂದ ಇನ್ನೊಂದಕ್ಕೆ ಕೂಗಿದರೆ ಕೇಳುವುದಿಲ್ಲ. ನಡುವೆ ಒಣಗಿದ ಹಳ್ಳ, ಬಿದಿರು, ಆನೆ ನಡೆದ ದಾರಿ. ಮಿನಿ ಬಸ್ಸು ಕೆಳಗಿನ ರಸ್ತೆಗೆ ಮನಸ್ಸು ಬಂದಾಗ ಬರುತ್ತದೆ. ಮಿಕ್ಕಿದ್ದು ಕಾಲ ಮೇಲೆ.

ಜನ ಎಷ್ಟಿದ್ದಾರೆಂದು ಆ ಕಡೆ ರೇಷನ್ ಕಾರ್ಡು ನೋಡಿ ತಿಳಿಯಲು ಹೋದರೆ ಮೋಸ ಹೋಗುತ್ತೀರಿ. ಕಾರ್ಡು ಅಲ್ಲಿರುತ್ತದೆ, ಓಟೂ ಅಲ್ಲೇ ಇರುತ್ತದೆ, ಕಾರ್ಡಿನವರು ಹೊಸೂರಿನಲ್ಲಿ ಯಾವುದೋ ಕಂಪನಿಯ ಗೇಟಿನಲ್ಲಿರುತ್ತಾರೆ. ನಾನು ಕೋಳಿ ನೋಡುತ್ತೇನೆ. ಅಂಗಳದಲ್ಲಿ ಕೋಳಿ ಕೆದರುತ್ತಿದ್ದರೆ ಆ ಮನೆಯಲ್ಲಿ ಜನ ಇದ್ದಾರೆ. ಬೀಗ ಹಾಕಿ ಹಬ್ಬಕ್ಕೆ ಮಾತ್ರ ಬರುವವರು ಕೋಳಿ ಸಾಕುವುದಿಲ್ಲ. ನಾನು ಮೊದಲು ಹೋದಾಗ, ನಾನು ಫಸಲು ಹಿಡಿಯುವ ಮರವಿರುವ ದೊಡ್ಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕೋಳಿ. ಆಮೇಲೆ ವರ್ಷ ವರ್ಷವೂ ಒಂದೊಂದು ಅಂಗಳ ಸುಮ್ಮನಾಯಿತು. ಯಾರೂ ಸಾಯಲಿಲ್ಲ, ಯಾರೂ ಅಳಲಿಲ್ಲ. ಮಕ್ಕಳ ಸ್ಕೂಲಿಗೆ ಹತ್ತಿರ, ಕಂಪನಿ ಬಸ್ಸಿಗೆ ಹತ್ತಿರ, ನಲ್ಲಿಯಲ್ಲಿ ನೀರು. ನಾನಾಗಿದ್ದರೂ ಹೋಗುತ್ತಿದ್ದೆ.

ಕೊನೆಗೆ ಉಳಿದದ್ದು ಮರದಾಕೆಯ ಮನೆ. ಅವಳನ್ನು ನಾನು ಹಾಗೇ ಕರೆಯುತ್ತೇನೆ. ಆ ದೊಡ್ಡ ಹುಣಸೆ ಮರ ಅವಳ ಅತ್ತೆಯ ಪಾಲಿನಿಂದ ಬಂದದ್ದು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಬಾಯಿಗೆ ಹತ್ತು ವರ್ಷ ದೊಡ್ಡವಳು. ಆ ಕಡೆ ಒಂದು ಪದ್ಧತಿ ಇದೆ. ಮರದ ಬೆಲೆಯನ್ನು ಮರದ ಕೆಳಗೇ ನಿಂತು ಕಟ್ಟಬೇಕು, ಬಾಯಲ್ಲಿ ಹೇಳಬಾರದು. ಸೆರಗಿನ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳು ಹಿಡಿಯಬೇಕು, ಹಿಡಿದ ಬೆರಳೆಷ್ಟೋ ಅದೇ ಬೆಲೆ. ಬೆಲೆ ಕುದುರಿತೆಂದರೆ ಕೊಯ್ಲು ಮುಗಿಯುವ ತನಕ ಮರ ಹಿಡಿದವರಿಗೆ ಮರದ ಮನೆಯಲ್ಲೇ ಊಟ, ಅದೇ ಜಗುಲಿಯಲ್ಲಿ ನಿದ್ದೆ. ಅದಕ್ಕೆ ಬೇರೆ ಲೆಕ್ಕವಿಲ್ಲ, ಮರದ ಬೆಲೆಯಲ್ಲೇ ಸೇರಿತು.

ಗಂಡ ಹೋದ ಮೇಲೆ ವರ್ಷವಿಡೀ ನನ್ನ ಜೊತೆ ಕೂತು ಊಟ ಮಾಡುವವರು ಯಾರೂ ಇಲ್ಲ. ಮಗಳು ಸೇಲಂನಲ್ಲಿ ತನ್ನ ಸಂಸಾರದಲ್ಲಿದ್ದಾಳೆ. ನನ್ನ ಬಾಡಿಗೆಯವರು ಒಳ್ಳೆಯವರೇ. ಒಬ್ಬರು ರಾಯಚೂರು ಕಡೆಯವರು, ಇನ್ನೊಬ್ಬರು ಹಿಂದಿಯವರು. ಒಬ್ಬರ ಶಿಫ್ಟು ಮುಗಿಯುವಾಗ ಇನ್ನೊಬ್ಬರದು ಶುರು. ಬೀದಿಯಲ್ಲಿ ಬಾಗಿಲ ಪಕ್ಕ ಬಾಗಿಲು, ಎದುರು ಬಾಗಿಲು, ಮೇಲೆ ಬಾಗಿಲು. ಮೆಟ್ಟಿಲ ಮೇಲೆ ಸಿಕ್ಕರೆ ನೀರು ಬಂತಾ ಎಂದು ಕೇಳುತ್ತಾರೆ. ಶಿವರಾತ್ರಿ ಕಳೆದ ಮೇಲೆ ಕೊಯ್ಲಿಗೆ ಹೋಗಿ ಆ ಜಗುಲಿಯ ಮೇಲೆ ಕಳೆಯುವ ದಿನಗಳನ್ನೇ ನಾನು ವರ್ಷ ಪೂರ್ತಿ ಇಟ್ಟುಕೊಂಡು ತಿನ್ನುತ್ತಿದ್ದೆ. ಸಂಜೆ ಅವಳೂ ನಾನೂ ಹಣ್ಣು ಬಿಡಿಸುತ್ತಾ ಕೂತರೆ ಅವಳು ಹೋದ ವರ್ಷದ ಬೆಲೆ ಎತ್ತಿ ಬೈಯುತ್ತಿದ್ದಳು, ನಾನು ಹಣ್ಣಿನ ಹುಳುಕು ತೋರಿಸುತ್ತಿದ್ದೆ. ಹುರುಳಿ ಸಾರಿಗೆ ಹೊಸ ಹುಣಸೆ ಹಿಂಡಿ ಮುದ್ದೆ ಹಾಕುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅವಳೂ ಹೊಸೂರಿಗೆ ಬಂದುಬಿಟ್ಟಳು. ಅವಳ ಗಂಡನಿಗೆ ಸೆಕ್ಯೂರಿಟಿ ಕೆಲಸ, ಅವಳಿಗೆ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಅಡುಗೆ. ಮನೆ ಮಾಡಿದ್ದು ಎಲ್ಲಿ ಅಂತೀರಿ, ಅವಲಪಲ್ಲಿಯಲ್ಲೇ, ನಮ್ಮ ಬೀದಿಯಿಂದ ಎರಡು ಬೀದಿ ಆಚೆ. ನನಗಾದ ಸಂತೋಷ ಹೇಳುವಂತಿಲ್ಲ. ಆದರೆ ಅಲ್ಲಿಂದ ಶಿವರಾತ್ರಿಯವರೆಗೆ ನಾವು ಸರಿಯಾಗಿ ಕೂತು ಮಾತಾಡಿದ್ದೇ ಇಲ್ಲ. ಅವಳು ಎದ್ದು ಹೋಗುವಾಗ ನಾನು ಮಲಗಿರುತ್ತೇನೆ, ನಾನು ಮಂಡಿಯಿಂದ ಬರುವಾಗ ಅವಳು ಮಲಗಿರುತ್ತಾಳೆ. ಒಂದು ಸಲ ತರಕಾರಿ ಗಾಡಿಯ ಹತ್ತಿರ ಸಿಕ್ಕಳು. ಇಬ್ಬರೂ ಒಂದೇ ಕಟ್ಟು ಸೊಪ್ಪಿಗೆ ಕೈ ಹಾಕಿದ್ದೆವು. ನಕ್ಕೆವು, ಬಸ್ಸು ಬಂತು, ಹತ್ತಿದಳು.

ಮರದ ಬೆಲೆ ಮಾತಾಡಲು ನಾನೇ ಒಂದು ಭಾನುವಾರ ಅವಳ ಮನೆಗೆ ಹೋದೆ. ದಾರಿಯುದ್ದಕ್ಕೂ ಎಲ್ಲಿಂದ ಶುರು ಮಾಡಬೇಕು, ಅವಳು ಏರಿಸಿದರೆ ಎಲ್ಲಿ ನಿಲ್ಲಬೇಕು ಎಂದು ಲೆಕ್ಕ ಹಾಕಿಕೊಂಡೇ ಹೋದೆ. ಪ್ಲಾಸ್ಟಿಕ್ ಕುರ್ಚಿ ಹಾಕಿದಳು, ಟೀ ಕೊಟ್ಟಳು. ಮರದ ಮಾತೆತ್ತಿದೆ.

"ನೀನೇ ಒಂದು ಮಾತು ಹೇಳ್ಬುಡಕ್ಕ," ಅಂದಳು. "ಕೊಟ್ಟಷ್ಟು ಇಸ್ಕೊಂತೀನಿ. ಅದರ ಹಿಂದೆ ಇನ್ನು ಯಾರು ಓಡಾಡ್ತಾರೆ?"

ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಟೀ ಆರಿಹೋಯಿತು. ಜಗಳವಾಡದೆ ಮರ ಕೊಡುವವಳಿಗೆ ಮರ ಬೇಡವಾಗಿದೆ ಎಂದೇ ಅರ್ಥ. ಮರ ಬೇಡವಾದರೆ ಮನೆಯ ಬೀಗ ಇನ್ನು ತೆಗೆಯುವುದಿಲ್ಲ. ಮುಂದಿನ ಮಳೆಗೆ ಹೆಂಚು ಜಾರುತ್ತದೆ, ಅದರ ಮುಂದಿನ ಮಳೆಗೆ ಗೋಡೆ. ಆ ಕಡೆ ನಾನು ನೋಡಿದ ಮನೆಗಳೆಲ್ಲ ಹೀಗೇ ಹೋದವು. ಆಗ ನಾನು ಆ ದೊಡ್ಡ ಬೆಲೆಯನ್ನು ಬಾಯಿಬಿಟ್ಟೇ ಹೇಳಿದೆ. ಕೊಯ್ಲಿಗೆ ಅವಳು ಬರಬೇಕು, ಬೀಗ ತೆಗೆದು ಒಲೆ ಹಚ್ಚಬೇಕು ಎಂಬ ಕರಾರನ್ನೂ ಜೊತೆಗೆ ಸೇರಿಸಿದೆ.

"ಬೀಗದ ಕೈ ಕೊಡ್ತೀನಿ, ತಗೊಂಡೋಗು. ಪಾತ್ರೆ ಪಡಗ ಎಲ್ಲಾ ಅಲ್ಲೇ ಅವೆ."

"ಬೀಗದ ಕೈ ಮುದ್ದೆ ಕಟ್ತದಾ?"

ನಗು ಬಂತು ಅವಳಿಗೆ. ಕ್ಯಾಂಟೀನಿನಲ್ಲಿ ಲೀವು ಕೊಡುವುದಿಲ್ಲ, ಕೊಟ್ಟರೂ ಸಂಬಳ ಹಿಡಿಯುತ್ತಾರೆ ಅಂದಳು. ಹಿಡಿದದ್ದನ್ನು ನಾನು ತುಂಬುತ್ತೇನೆ ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

"ನಿನ್ ಬಾಯಲ್ಲಿ ಈ ಮಾತಾ? ಮೈಗೆ ಹುಷಾರಿಲ್ವೇನಕ್ಕ?"

ನಾನು ಸೆರಗು ಮುಂದೆ ಮಾಡಿ ಕೈ ಒಳಗಿಟ್ಟೆ. ಅವಳ ಮುಖ ಬದಲಾಯಿತು. ಕೈ ಒರೆಸಿಕೊಂಡು ಬಂದು ಎದುರು ಕೂತು ತಾನೂ ಕೈ ಕೊಟ್ಟಳು. ದುಡ್ಡಿಗಲ್ಲ, ಅವಳು ಅಲ್ಲಿರುವ ದಿನಗಳ ಲೆಕ್ಕಕ್ಕೆ ಬೆರಳು ಹಿಡಿದೆವು. ನಾನು ಐದೂ ಬೆರಳನ್ನು ಎರಡು ಸಲ ಅದುಮಿದೆ. ಅವಳು ಕಿರುಬೆರಳೊಂದನ್ನು ಮುಟ್ಟಿದಳು. ನಾನು ಕೈ ಎಳೆದುಕೊಂಡು ಏಳುವ ಹಾಗೆ ಮಾಡಿದೆ. ಅವಳು ಮಣಿಕಟ್ಟು ಹಿಡಿದು ಕೂರಿಸಿದಳು. ನನ್ನದು ಎಂಟು, ಅವಳದು ಎರಡು, ನನ್ನದು ಆರು, ಅವಳದು ಮೂರು. ಟಿ.ವಿ. ನೋಡುತ್ತಿದ್ದ ಅವಳ ಗಂಡ ತಿರುಗಿ, ಏನು ನಡೆಯುತ್ತಿದೆ ಎಂದು ತಿಳಿಯದೆ ಮತ್ತೆ ಟಿ.ವಿ.ಗೆ ತಿರುಗಿದ. ಕೊನೆಗೆ ಹೆಬ್ಬೆರಳು ಬಿಟ್ಟು ಮಿಕ್ಕ ಬೆರಳೆಲ್ಲ ಹಿಡಿದು ಅವಳು ಬಿಡಲಿಲ್ಲ. ನಾಲ್ಕಕ್ಕೆ ನಿಂತಿತು. ಕೊಯ್ಲಿನ ಮೊದಲ ನಾಲ್ಕು ದಿನ.

ನಾವಿಬ್ಬರೂ ಒಟ್ಟಿಗೇ ಹೋದೆವು. ದೊಡ್ಡಿಯಲ್ಲಿ ಒಂದೇ ಒಂದು ಕೋಳಿಯೂ ಇರಲಿಲ್ಲ. ಅಂಗಳದಲ್ಲಿ ಮೊಣಕಾಲೆತ್ತರ ಕಳೆ. ಅವಳು ಸೀರೆ ಎತ್ತಿ ಸಿಕ್ಕಿಸಿ ಗುಡಿಸಿದಳು, ಗೋಡೆಯ ಗೆದ್ದಲು ಕೆರೆದಳು, ಒಲೆಗೆ ಸಗಣಿ ಬಳಿದಳು. ಹೊಗೆ ಹೆಂಚಿನ ಸಂದಿಯಿಂದ ಎದ್ದಾಗ ಆ ಊರು ಮತ್ತೆ ಊರಾಗಿ ಕಂಡಿತು, ಒಂದೇ ಮನೆಯ ಊರು. ಮರ ಬಡಿಯಲು ಧರ್ಮಪುರಿ ಕಡೆಯ ಆಳುಗಳನ್ನು ಕರೆಸಿದ್ದೆ. ಅವರು ಮರದ ಆಚೆ ತಮ್ಮ ಪಾಡಿಗೆ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಕೊಂಬೆ ಮುರಿಯಬೇಡಿರೆಂದು ಅವಳು ಅವರಿಗೆ ತಮಿಳಿನಲ್ಲಿ ಒಂದು ಸುತ್ತು, ಅರ್ಥವಾಗದಿದ್ದರೆ ಇರಲಿ ಎಂದು ಕನ್ನಡದಲ್ಲಿ ಒಂದು ಸುತ್ತು ಬೈದಳು.

ಒಂದು ಸಂಜೆ ಉಣ್ಣುವಾಗ ಹೇಳಿದಳು: "ಅಲ್ಲಿ ಅಷ್ಟು ಜನಕ್ಕೆ ಬೇಯಿಸ್ತೀನಿ ಕಣಕ್ಕ. ಚೆನ್ನಾಗೈತೆ ಅಂತ ಒಬ್ರೂ ಅನ್ನಲ್ಲ. ಚೆನ್ನಾಗಿಲ್ಲ ಅಂತಾನೂ ಅನ್ನಲ್ಲ. ತಟ್ಟೆ ಇಟ್ಟು ಹೋಗ್ತಾರೆ."

"ಇವತ್ತು ಉಪ್ಪು ಜಾಸ್ತಿ," ಅಂದೆ.

"ನಿನ್ ನಾಲಿಗೆ ಸೇದೋಗ," ಅಂದಳು, ಸಾರು ಇನ್ನೊಂದು ಸೌಟು ಸುರಿದಳು.

ನಾಲ್ಕನೆಯ ದಿನ ಕೆಳಗಿನ ರಸ್ತೆಯವರೆಗೆ ಅವಳ ಜೊತೆ ಇಳಿದೆ. ಮುಂದಿನ ವರ್ಷದ ಮಾತೆತ್ತಿದ್ದಕ್ಕೆ ಆವಾಗ ನೋಡಾಣ ಬಿಡು ಅಂದಳು. ಬಸ್ಸು ಬಂತು. ನಾನೊಬ್ಬಳೇ ಗುಡ್ಡ ಹತ್ತಿದೆ.

ಮರದಲ್ಲಿ ಇನ್ನೂ ಅರ್ಧ ಹಣ್ಣಿತ್ತು. ಅದನ್ನು ಬಿಟ್ಟು ಬರುವ ಹೆಂಗಸು ನಾನಲ್ಲ. ಒಲೆ ಹಚ್ಚಲು ಹೋದೆ, ಹತ್ತಿತು, ಆದರೆ ಒಬ್ಬಳಿಗೆ ಎಷ್ಟು ಹಿಟ್ಟು ಎಂದು ಆ ಮನೆಯ ಪಾತ್ರೆಗೆ ಗೊತ್ತಿರಲಿಲ್ಲ. ಮುದ್ದೆ ಹೆಚ್ಚಾಗಿ ಉಳಿಯಿತು. ಹಾಕೋಣವೆಂದರೆ ಕೋಳಿಯೂ ಇಲ್ಲ. ಆಳುಗಳು ತಮ್ಮಲ್ಲೇ ನಗುತ್ತಿದ್ದರು, ನಾನು ಹೋದರೆ ಮರ್ಯಾದೆಗೆ ಎದ್ದು ನಿಲ್ಲುತ್ತಿದ್ದರು. ಅದಕ್ಕೇ ಹೋಗುವುದು ಬಿಟ್ಟೆ. ಬೆಳಕು ಇಳಿಯುವಾಗ ಜಗುಲಿಯಲ್ಲಿ ಕೂತರೆ ಎದುರಿನ ಗುಡ್ಡದಲ್ಲಿ ಮೊದಲೆಲ್ಲ ದೀಪ ಕಾಣುತ್ತಿದ್ದ ಎರಡು ಜಾಗಗಳಲ್ಲಿ ಈಗ ಏನೂ ಕಾಣುತ್ತಿರಲಿಲ್ಲ. ಯಾರ ಹತ್ತಿರವಾದರೂ ಬೆಲೆ ಜಗ್ಗೋಣವೆಂದರೆ ಆಳುಗಳನ್ನು ಬಿಟ್ಟು ಅಷ್ಟು ದೂರಕ್ಕೂ ಮನುಷ್ಯರಿಲ್ಲ.

ಆ ಕಡೆ ಮರ ಹಿಡಿಯಬೇಕೆನ್ನುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಕಾಯಿ ನೋಡುವುದಕ್ಕೆ ಮೊದಲು ಅಂಗಳ ನೋಡಿ. ಜನವಿಲ್ಲದ ದೊಡ್ಡಿಯ ಮರ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ನೀರು ಹೊರುವುದು, ಮೂಟೆ ಕಾಯುವುದು ಎಲ್ಲ ನಿಮ್ಮ ತಲೆಗೇ ಬರುತ್ತದೆ. ಮರದವರು ಪೇಟೆಗೆ ಬಂದಿದ್ದರೆ ಮಾತಾಡಲು ಕೊಯ್ಲಿನವರೆಗೆ ಕಾಯಬೇಡಿ, ಮಳೆಗಾಲದಲ್ಲೇ ಹೋಗಿ ಒಂದು ಟೀ ಕುಡಿದು ಬನ್ನಿ. ಬೆಲೆಯಲ್ಲಿ ಅವರು ಸೋತರೆ ಖುಷಿಪಡಬೇಡಿ, ಯಾಕೆಂದು ಕೇಳಿ. ಬೆಲೆಯ ಜೊತೆ ಅವರ ದಿನಗಳನ್ನೂ ಕೇಳಿ ತೆಗೆದುಕೊಳ್ಳಿ. ಆದರೆ ನಾನು ಮಾಡಿದ ಹಾಗೆ ಮೊದಲ ದಿನಗಳನ್ನು ತೆಗೆದುಕೊಳ್ಳಬೇಡಿ. ಮೊದಲ ದಿನಗಳಲ್ಲಿ ಗುಡಿಸುವುದಿರುತ್ತದೆ, ಆಳುಗಳನ್ನು ಕೆಲಸಕ್ಕೆ ಹಚ್ಚುವುದಿರುತ್ತದೆ, ಹೊತ್ತು ತಾನಾಗಿ ಹೋಗುತ್ತದೆ. ಕೊನೆಯ ದಿನಗಳನ್ನು ಕೇಳಿ. ಆಗ ಬೀಗ ಹಾಕುವವರು ಅವರೇ ಆಗುತ್ತಾರೆ, ಬಸ್ಸಿಗೆ ಇಬ್ಬರೂ ಒಟ್ಟಿಗೆ ಇಳಿಯಬಹುದು.